ಹುಳುಮನೆಯ ಬೀಗದ ಕೈ

ಕೇಶವಪ್ಪಾ,

ಮಗಳಿಗೆ ಹೆರಿಗೆ ನೋವು ಶುರುವಾಗಿದೆ ಅಂತ ಸುದ್ದಿ ಬಂತು. ಚಿಕ್ಕಬಳ್ಳಾಪುರಕ್ಕೆ ಮೊದಲ ಬಸ್ಸಿಗೇ ಹೊರಟೆ. ನಿನ್ನನ್ನ ಎಬ್ಬಿಸಲಿಲ್ಲ, ನೀನು ಎಷ್ಟೋ ದಿನದ ಮೇಲೆ ಕೈಕಾಲು ನಡುಗದೆ ಮಲಗಿದ್ದೆ.

ಮುದ್ದೆ, ಹುಳಿ ಒಲೆ ಪಕ್ಕದಲ್ಲಿದೆ. ತಿನ್ನದೆ ನಾಯಿಗೆ ಹಾಕಿದರೆ ನನಗೆ ಗೊತ್ತಾಗುತ್ತೆ ಕಣೋ.

ಸಾಯಂಕಾಲ ಆವುಲಪ್ಪನವರು ಬರ್ತಾರೆ. ಮೊನ್ನೆಯ ಹಾಗೆ ಹಿತ್ತಲಿಗೆ ಓಡಬೇಡ. ಅವರೂ ಹದಿನೈದು ವರ್ಷ ಕುಡಿದು ಆಮೇಲೆ ಬಿಟ್ಟವರು. ನನ್ನ ಹತ್ರ ಹೇಳೋಕೆ ನಾಚಿಕೆಯಾಗೋದನ್ನ ಅವರ ಹತ್ರ ಹೇಳು. ಜೊತೆಗೆ ಹೊಸಬನೊಬ್ಬನನ್ನ ಕರ್ಕೊಂಡು ಬರ್ತಾರಂತೆ. ಅವನು ಕುಡಿತ ಬಿಟ್ಟು ಇವತ್ತಿಗೆ ಮೂರು ದಿನ. ಅವನಿಗೆ ಕಾಫಿ ಅರ್ಧ ಲೋಟ ಮಾತ್ರ ಕೊಡು, ಕೈ ನಡುಗಿ ಚೆಲ್ಲಿದರೆ ಪಾಪ ಕುಗ್ಗಿ ಹೋಗ್ತಾನೆ. ನಿನಗೂ ಆವುಲಪ್ಪನವರು ಹಾಗೇ ಕೊಡ್ತಿದ್ದರು.

ರೇಷ್ಮೆ ಹುಳು ಪೊರೆ ಬಿಟ್ಟು ಕೊನೇ ಜ್ವರ ಮುಗಿಸಿ ಎದ್ದಿವೆ, ಹಸಿವು ಜಾಸ್ತಿ. ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕು. ಹೆಂಡದ ವಾಸನೆ ಹುಳುವಿಗೆ ಆಗಲ್ಲ ಅಂತ ಎರಡು ವರ್ಷ ನಿನ್ನನ್ನ ಹುಳುಮನೆ ಹೊಸ್ತಿಲು ದಾಟೋಕೆ ಬಿಡಲಿಲ್ಲ. ಊರಿಗೆ ಹೋಗುವಾಗೆಲ್ಲ ಬೀಗದ ಕೈ ಪಕ್ಕದ ಮನೆ ಅಶ್ವತ್ಥಮ್ಮನಿಗೆ ಕೊಟ್ಟು ಹೋಗ್ತಿದ್ದೆ.

ಇವತ್ತು ನಿನ್ನ ದಿಂಬಿನ ಕೆಳಗಿದೆ, ನೋಡು.

ಅಕ್ಕ