ಸ್ಟಿಕ್ ಹಿಂದಕ್ಕೆ ಬರಲಿಲ್ಲ

ಹ್ಯಾಂಗರ್,
ಗುರುವಾರ, ಮಾರ್ಚ್ ೧೪

ಸಿಟ್ಟಿನ ಪುಟ್ಟಿಗೆ,

ನೀನು ಫೋನ್ ಎತ್ತುವುದಿಲ್ಲ, ಗೆಳತಿಯ ರೂಮಿಗೆ ಬಂದರೆ ಬಾಗಿಲೂ ತೆಗೆಯುವುದಿಲ್ಲ. ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಬೇಕಾದರೆ ಹರಿದು ಬಿಸಾಕು.

ಮಂಗಳವಾರ ನಮ್ಮ ಹಳದಿ ಮುದುಕಿಯ ಹೊಟ್ಟೆ ಕೊಯ್ದೆ. ಎಂಬತ್ತು ವರ್ಷದ ತರಬೇತಿ ವಿಮಾನ ಇನ್ನೂ ಹಾರುತ್ತದಲ್ಲ ಎಂದು ನೋಡಲು ಬಂದವರೆಲ್ಲ ಬಾಯಿ ಬಿಡುತ್ತಾರೆ. ಅದರ ಮೈಯೆಲ್ಲ ಬರೀ ಬಟ್ಟೆ, ಅದಕ್ಕೆ ನನ್ನ ಸೂಜಿದಾರ ಎಂದು ಅವರಿಗೇನು ಗೊತ್ತು. ನಾನೇ ಹೊಲಿದದ್ದನ್ನು ನಾನೇ ಬ್ಲೇಡಿನಿಂದ ಬಿಚ್ಚಿದೆ. ಹಿಂದಿನ ಸೀಟಿನ ಹಿಂದೆ, ನೀನು ಹಿಡಿದು ಹಾರಿಸುವ ಸ್ಟಿಕ್ಕಿನಿಂದ ಬಾಲಕ್ಕೆ ಹೋಗುವ ತಂತಿ ರಾಟೆಯ ಮೇಲೆ ಹಾಯುವ ಜಾಗದ ಪಕ್ಕದಲ್ಲಿ, ನನ್ನ ಗಿಡ್ಡ ಸ್ಕ್ರೂಡ್ರೈವರ್ ಬಿದ್ದಿತ್ತು. ಅದರ ಹಿಡಿಯ ಮೇಲೆ ತಂತಿ ಉಜ್ಜಿದ ಗೀರು ಇತ್ತು.

ಹೋದ ತಿಂಗಳು ಆ ಶನಿವಾರ ಮುದುಕಿಯನ್ನು ಹಾರಿಸಿ ನೆಲಕ್ಕೆ ಇಳಿದ ಕೂಡಲೇ ನೀನು ಹೇಳಿದ್ದು ಅದನ್ನೇ, ಸ್ಟಿಕ್ ಹಿಂದಕ್ಕೆ ಬರ್ಲೇ ಇಲ್ಲಮ್ಮಾ ಅಂತ. ಇಳಿಯುವಾಗ ಮೂತಿ ಏಳದೆ ಮುದುಕಿ ಧೊಪ್ಪೆಂದು ಬಿದ್ದು ಚಕ್ರದ ಅಚ್ಚು ಬಾಗಿತ್ತು. ಆಮೇಲೆ ನಾವು ಎಳೆದು ನೋಡಿದರೆ ಸ್ಟಿಕ್ ಸಲೀಸಾಗಿ ಬಂತು. ರಾಟೆಗೆ ಸಿಕ್ಕಿಕೊಂಡಿದ್ದ ಸ್ಕ್ರೂಡ್ರೈವರ್ ಬಿದ್ದ ಏಟಿಗೆ ಕಳಚಿಕೊಂಡಿರಬೇಕು. ಹೊಸಬರ ಕೈ ಹಾಗೇ ಗಟ್ಟಿಯಾಗಿಬಿಡುತ್ತೆ ಎಂದು ನಿನ್ನ ಗುರುಗಳು ಈ ಭಾನುವಾರದ ಪ್ರದರ್ಶನದಿಂದ ನಿನ್ನ ಹೆಸರು ಹೊಡೆದುಹಾಕಿದರು. ನೀನು ನನ್ನ ಮುಖ ನೋಡಿದೆ. ನಾನೇನು ಹೇಳಿದೆ? ಹೆದರಿಬಿಟ್ಟಿರ್ತಾಳೆ ಬಿಡಿ ಅಂದೆ. ಹೆತ್ತ ತಾಯಿ ಆಡುವ ಮಾತೇ ಅದು. ನನಗೆ ನಾಚಿಕೆಯಾಗುತ್ತಿದೆ.

ತಪ್ಪು ಹೇಗಾಯಿತು ಅಂತೀಯ? ಬಟ್ಟೆ ಮುಚ್ಚಿ ಹೊಲಿಯುವ ಮೊದಲು ಒಳಗೇನೂ ಉಳಿದಿಲ್ಲ ಎಂದು ಇಬ್ಬರು ನಿಂತು ಕೆಲಸದ ಸಾಮಾನು ಎಣಿಸಿ, ಇಬ್ಬರೂ ಪುಸ್ತಕಕ್ಕೆ ಸಹಿ ಹಾಕಬೇಕು. ಆ ನಿಯಮ ಮಾಡಿದವಳೇ ನಾನು. ಮುದುಕಿಗೆ ಬಟ್ಟೆ ಹೊಲಿದ ದಿನ ನಮ್ಮ ಬಡಗಿ, ಎಣಿಸೋಣ್ವಾ ಅಕ್ಕಾ, ಎಂದು ಕೇಳಿದ. ಮೂವತ್ತು ವರ್ಷದಿಂದ ಹೊಲೀತಿದ್ದೀನಿ, ನೀನು ನನಗೆ ಹೇಳಿಕೊಡ್ತೀಯಾ, ಸಹಿ ಹಾಕಿ ಹೋಗು, ಅಂದೆ. ಪಾಪ, ನನ್ನ ಬಾಯಿಗೆ ಹೆದರಿ ಹಾಕಿ ಹೋದ. ನನ್ನ ಕೊಬ್ಬು, ಇನ್ನೇನು.

ನಿನ್ನೆ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಬಡಗಿಯ ತಪ್ಪಿಲ್ಲ ಎಂದೂ ಬರೆದೆ. ಭಾನುವಾರ ಮುದುಕಿ ಹಾರುವುದಿಲ್ಲ. ಹೊಸ ಬಟ್ಟೆ ಹಾಕಲು ಬೇರೆಯವರು ಬರುತ್ತಾರೆ, ನನ್ನ ಸಹಿ ಇನ್ನು ನಡೆಯುವುದಿಲ್ಲ. ಮುದುಕಿ ಸಿದ್ಧಳಾದ ದಿನ ಮೊದಲು ಹಾರಿಸುವವಳು ನೀನು ಎಂದು ಗುರುಗಳು ಒಪ್ಪಿದ್ದಾರೆ. ನಿನ್ನನ್ನು ಕಂಡರೆ ಅವರು ಎರಡು ಸಲ ಕೆಮ್ಮಿ ಹವಾಮಾನದ ಮಾತು ತೆಗೆಯುತ್ತಾರೆ. ಕ್ಷಮೆ ಕೇಳಿದರು ಎಂದುಕೊ, ಅವರ ಕೈಲಿ ಆಗುವುದು ಅಷ್ಟೇ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಮಂಗಳವಾರ ಅಚಾನಕ್ಕಾಗಿ ಸಿಕ್ಕಿತು ಎನ್ನುವ ಹಾಗೆ ಬರೆದಿದ್ದೇನೆ, ಅದು ಹಾಗಲ್ಲ. ನೀನು ಇಳಿದ ಶನಿವಾರ ಸಂಜೆಯೇ ಸ್ಕ್ರೂಡ್ರೈವರ್ ಇಲ್ಲದ್ದು ನೋಡಿದೆ, ಎಲ್ಲಿರಬೇಕೆಂದೂ ಹೊಳೆಯಿತು. ಅದಾದ ಸೋಮವಾರವೇ ಅಂಗಡಿಯಿಂದ ಅಂಥದ್ದೇ ಒಂದು ತಂದು ಅದರ ಜಾಗದಲ್ಲಿ ತೂಗುಹಾಕಿದೆ. ನೀನು ಮನೆ ಬಿಟ್ಟು ಹೋಗುವವರೆಗೂ ಎದುರಿಗೆ ಕೂತು ಉಣ್ಣುತ್ತ, ಕೈ ಸಡಿಲ ಬಿಡೋದು ಕಲಿ ಎಂದು ನಿನಗೇ ಬುದ್ಧಿ ಹೇಳಿದೆ. ಮೊನ್ನೆ ಮಂಗಳವಾರ ಹೊಸ ಅಚ್ಚು ಹಾಕಿ ಮುಗಿಸಿದರು. ಇನ್ನೊಬ್ಬ ಹುಡುಗಿ ಹೆಲ್ಮೆಟ್ ಹಾಕಿಕೊಂಡು ಹತ್ತಲು ಬಂದಳು. ಆಗ ಬ್ಲೇಡ್ ತೆಗೆದುಕೊಂಡೆ. ಯಾರದೋ ಮಗಳ ಜೀವಕ್ಕೆ ಹೆದರಿ ಕೊಯ್ದೆ ಪುಟ್ಟಿ. ನಿನ್ನ ಮಾನ ಹೋಗುತ್ತಿದ್ದಾಗ ಹದಿನೇಳು ದಿನ ಸುಮ್ಮನಿದ್ದೆ.