ಕಸ ಅದುಮುವ ಮಷಿನ್ ಬೇಕೋ ಬೇಡವೋ

ಮಂಗಳವಾರ, 4

ಮತ್ತೆ ಕಸ. ಶಾಲೆ ಬಿಟ್ಟವಳಿಗೆ ಮನೆಯಲ್ಲಿ ಸಿಕ್ಕ ಖಾತೆ. ಚೀಲ ಕಟ್ಟುವ ಮೊದಲು ಕೈಯಾಡಿಸಿ ನೋಡಬೇಕು — ಅಪ್ಪನದೇ ಕಾನೂನು. ತನ್ನ ಕ್ಷೌರದಂಗಡಿಯ ಹಳೇ ಬ್ಲೇಡುಗಳನ್ನು ಕಾಗದದಲ್ಲಿ ಸುತ್ತಿ ತಂದು ಅಡುಗೆಮನೆಯ ಬುಟ್ಟಿಗೆ ಎಸೆಯುವವನೂ ಅವನೇ. ಪೊಟ್ಟಣ ಆರಿಸಿ ಡಬ್ಬಕ್ಕೆ ಹಾಕುವವಳು ನಾನು. ಕಸದವನ ಕೈ ಕುಯ್ಯಬಾರದಲ್ಲ.

ಊಟಕ್ಕೆ ಕೂತಾಗ ಅಪ್ಪ ಕ್ಯಾಟಲಾಗ್ ತೆಗೆದ. ಸಿಂಕ್ ಕೆಳಗೆ ಕೂರಿಸುವ ಮಷಿನ್.

"ಗುಂಡಿ ಒತ್ತಿದ್ರೆ ವಾರದ ಕಸ ಒಂದು ಇಟ್ಟಿಗೆ ಕಣೇ. ಯಾರೂ ಕೈ ಹಾಕೋ ಹಾಗಿಲ್ಲ."

ಅಮ್ಮ: "ನನ್ನ ಹಿಂಡಿದ್ದು ಸಾಲ್ದು ಅಂತ ಈಗ ಕಸ ಹಿಂಡ್ತೀರಾ?"

ಅಪ್ಪ ನಗಲಿಲ್ಲ.

ಗುರುವಾರ, 6

ಪೊಟ್ಟಣ ಹಗುರ. ಅಲ್ಲಾಡಿಸಿದೆ — ಬ್ಲೇಡಿನ ಸದ್ದಲ್ಲ. ಬಿಚ್ಚಿದರೆ ಮಾತ್ರೆ. ಆರು. ಅಪ್ಪನ ಫಿಟ್ಸ್ ಮಾತ್ರೆ, ದಿನಕ್ಕೆರಡು. ಫಿಟ್ಸ್ ಬಂದರೆ ಅವನು ಬೀಳುವುದಿಲ್ಲ, ಕಣ್ಣು ತೆರೆದುಕೊಂಡೇ ಕಲ್ಲಾಗಿಬಿಡುತ್ತಾನೆ.

ನಾನು ದಿನಾ ಆರಿಸಿ ತೆಗೆಯುವ ವಸ್ತುವಿನೊಳಗೇ ಬಚ್ಚಿಟ್ಟಿದ್ದಾನೆ, ಪುಣ್ಯಾತ್ಮ.

ಡಬ್ಬ ಸುರಿದು ಹಳೆಯವನ್ನೂ ಬಿಚ್ಚಿದೆ. ಮೂರು ವಾರದ ಮಾತ್ರೆ.

ಶುಕ್ರವಾರ, 7. ಮಧ್ಯಾಹ್ನ

ಕೇಳಿಬಿಟ್ಟೆ. ಅಪ್ಪ ಎಡಗೈಯಿಂದ ಬಲಗೈ ಹಿಡಿದುಕೊಂಡ.

"ಅದು ನುಂಗಿದ್ರೆ ಕೈ ನಡುಗುತ್ತೆ. ನಡುಗೋ ಕೈಗೆ ಯಾರು ಕತ್ತು ಕೊಡ್ತಾರೆ?"

"ನುಂಗದೆ ಫಿಟ್ಸ್ ಬಂದ್ರೆ? ಕೈಯಲ್ಲಿ ಕತ್ತಿ ಇದ್ದಾಗ?"

"ಬಂದಿಲ್ವಲ್ಲ."

"ಪೊಟ್ಟಣ ಯಾರ ಕೈಗೂ ಸಿಗಬಾರದು ಅಂತಾನಾ ಮಷಿನ್ನು?"

ಅಪ್ಪ ಅಡುಗೆಮನೆ ಕಡೆ ಒಮ್ಮೆ ನೋಡಿ, ಮೆಲ್ಲಗೆ, "ಭಾನುವಾರ ಒಂದು ಕಳೀಲಿ, ತುಂಬಾ ಜನ ಬರ್ತಾರೆ. ಅಮ್ಮಂಗೆ ನಾನೇ ಹೇಳ್ತೀನಿ. ಸುಮ್ನಿರು, ನನ್ನ ಬಂಗಾರ."

ಬಂಗಾರ ಅಂದಾಗಲೆಲ್ಲ ನನಗೆ ಭಯ.

ಶನಿವಾರ, 8

ಅಮ್ಮ ಮಷಿನ್ನಿಗೆ ಒಪ್ಪಿಬಿಟ್ಟಳು! "ಹೋಗ್ಲಿ, ಇವಳ ಕೈ ಕುಯ್ಯೋದಾದ್ರೂ ತಪ್ಪುತ್ತೆ." ಸೋಮವಾರ ಫಿಟ್ಟಿಂಗಿನವನು ಬರುತ್ತಾನಂತೆ.

ನಾನು ಬೇಡ ಅಂದೆ.

"ಯಾಕೆ ಬೇಡ? ಕಸದ ಮೇಲೆ ಅಷ್ಟೊಂದು ಪ್ರೀತೀನಾ?"

ಅಪ್ಪ ತಟ್ಟೆ ನೋಡುತ್ತಿದ್ದ. ನಾನು ಬಾಯಿ ಬಿಡಲಿಲ್ಲ. ಸುಳ್ಳೇನೂ ಹೇಳಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು... ಆಗುತ್ತಿಲ್ಲ. ಮುಚ್ಚಿದ ಬಾಯಿಯೂ ಒಂದು ಮಷಿನ್ನೇ.

ಭಾನುವಾರ, 9. ಬೆಳಗ್ಗೆ 10.20

ಅಂಗಡಿಯ ಬೆಂಚು. ಈಗಷ್ಟೇ ಮನೆಯಲ್ಲಿ, ತಡೆಯಲಾಗದೆ ಅಮ್ಮನಿಗೆ ಎಲ್ಲ ಹೇಳಿದೆ. ಕೈಯಲ್ಲಿದ್ದ ಸೌಟು ಹಾಗೇ ಕೆಳಗಿಟ್ಟಳು. "ಓಡು, ಅಂಗಡಿ ಮುಚ್ಚಿಸು. ಹಿಂದೇನೇ ಬಂದೆ."

ಓಡಿ ಬಂದೆ. ನನ್ನ ಮುಖ ನೋಡಿಯೇ ಅಪ್ಪನಿಗೆ ಗೊತ್ತಾಯಿತು. "ಇದೊಂದು ಗಡ್ಡ. ಮುಗಿಸಿ ಮುಚ್ತೀನಿ. ಕೂತ್ಕೋ."

ಕುರ್ಚಿಯಲ್ಲಿ ಎದುರಂಗಡಿಯ ಟೈಲರ್. ಕತ್ತು ಹಿಂದಕ್ಕೆ, ಕಣ್ಣು ಮುಚ್ಚಿದೆ, ಗಂಟಲ ತುಂಬ ನೊರೆ. ಕೂಗುವಂತಿಲ್ಲ — ಬೆಚ್ಚಿದರೆ ಕತ್ತಿ ಜಾರೀತು. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕೈಯೇ ನಡುಗುತ್ತಿದೆ. ಅಪ್ಪನದು ಒಂದು ಚೂರೂ ಇಲ್ಲ. ಎಷ್ಟು ಚೆನ್ನಾಗಿ ಎಳೆಯುತ್ತಾನೆ...

ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಾನೆ. ಬೆಂಚಿನ ಆ ತುದಿಗೆ ಸರಿದೆ.

ಅವನ ಕಣ್ಣು ಸರಿಯಲಿಲ್ಲ.

ಕತ್ತಿ ಗಂಟಲ ಮೇಲೆ ನಿಂತಿದೆ. "ಅಪ್ಪಾ" ಅಂದೆ, ಮೆಲ್ಲಗೆ. ಟೈಲರ್ ಕಣ್ಣು ತೆರೆ—