ಸೊನ್ನೆ ತೂಕದ ಕಡತ ಗುಡಿಸುವ ಶಾಸ್ತ್ರ

ಗಣಿಪೇಟೆ
ಫೆಬ್ರವರಿ ೩೦, ೨೨೯೪

ಜ್ಞಾನಮುತ್ತು ಅವರೇ,

ನಮ್ಮ ಅಜ್ಜಿಯರ ಸಾಕ್ಷ್ಯವನ್ನು ನೀವು ಬೇಕೆಂದೇ ಮುಚ್ಚಿಹಾಕಿದಿರಿ. ಅದನ್ನು ತುಂಬಿಟ್ಟ ಡಿಸ್ಕ್ ಸತ್ತಿದೆ ಎಂದು ಊರನ್ನೇ ನಂಬಿಸಿದಿರಿ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಾನು ಕೆಳಸಾಲಿನ ಸೆಲ್ವರಾಣಿ, ನಿಮಗಿಂತ ಎಂಟು ತಲೆಮಾರು ಈಚಿನವಳು. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಅದಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ.

ನಾವು ಕುಡಿಯುವುದು ಬೂದಿನೀರು. ಗಣಿಯ ತ್ಯಾಜ್ಯ ಸೇರಿದ ಕೆರೆಯಿಂದ ತಂದು, ಎಷ್ಟು ಸೋಸಿದರೂ ಬಣ್ಣ ಬಿಡದ ನೀರಿಗೆ ನಮ್ಮವರಿಟ್ಟ ಹೆಸರು ಅದು. ಮಕ್ಕಳ ಹಾಲುಹಲ್ಲು ಬೀಳುವ ಮೊದಲೇ ಕಪ್ಪಾಗುತ್ತವೆ. ಮೇಲುಪೇಟೆಗೆ ಕೊಳಾಯಿಯಲ್ಲಿ ತಿಳಿನೀರು ಬರುತ್ತದೆ. ನಮಗೂ ಕೊಡಿ ಎಂದರೆ, ಕೆರೆ ಕೆಡಿಸಿದ್ದು ಗಣಿ ಕಂಪನಿಯೇ ಎಂಬುದಕ್ಕೆ ಸಾಕ್ಷಿ ತನ್ನಿ ಎನ್ನುತ್ತದೆ ನೀರುಸಭೆ. ಸಾಕ್ಷಿ ಆ ಡಿಸ್ಕಿನಲ್ಲಿದೆ: ವಿಷದ ಪೀಪಾಯಿಗಳನ್ನು ಕೆರೆಗೆ ಸುರಿದದ್ದನ್ನು ಕಣ್ಣಾರೆ ಕಂಡ ಹೆಂಗಸರ ದನಿ. ಕಂಪನಿಯವರ ಕೈಗೆ ಸಿಗಬಾರದೆಂದು ಅವರು ಅದಕ್ಕೆ ಗೂಢಲಿಪಿಯ ಬೀಗ ಹಾಕಿಸಿದರು. ಹಾಕಿಕೊಟ್ಟವರು ನೀವು. ಪಾಸ್‌ವರ್ಡ್ ನಮ್ಮ ಓಣಿಯ ಮಕ್ಕಳಿಗೂ ಬಾಯಿಪಾಠ.

ಆದರೂ ಅದು ತೆರೆಯುವುದಿಲ್ಲ, ಏಕೆಂದರೆ ನೀವೊಂದು ಶಾಸ್ತ್ರ ಕಟ್ಟಿಹೋದಿರಿ. ವರ್ಷಕ್ಕೊಮ್ಮೆ ಊರೆಲ್ಲ ಸೇರಿದಾಗ ನಿಮ್ಮ ವಂಶದವರು ಲಿನಕ್ಸ್ ಯಂತ್ರ ಚಾಲೂ ಮಾಡಿ, ಪಾಸ್‌ವರ್ಡ್ ಹಾಕುವ ಮುನ್ನ ಕಸ ಗುಡಿಸುತ್ತಾರೆ. ಅಂದರೆ, ಮ್ಯಾಪರ್ ಎಂಬ ಫೋಲ್ಡರಿನಲ್ಲಿ, ಯಂತ್ರ ಚಾಲೂ ಆದಾಗಲೆಲ್ಲ ಹೊಸದಾಗಿ ಹುಟ್ಟುವ, ಒಳಗೇನೂ ಇಲ್ಲದ ಸೊನ್ನೆ ತೂಕದ ಕಡತ ಕಂಡರೆ ಅಳಿಸುತ್ತಾರೆ. ಅದು ಕಸವಲ್ಲ, ಡಿವೈಸ್ ನೋಡ್; ತಂತ್ರಾಂಶವು ಯಂತ್ರದ ತಿರುಳಾದ ಕರ್ನಲ್ ಬಳಿಗೆ ಹೋಗುವ ಬಾಗಿಲು. ಬಾಗಿಲಿಗೆ ತೂಕವೇಕೆ? ಅದಿಲ್ಲದೆ ಬೀಗ ತೆರೆಯುವ ತಂತ್ರಾಂಶ ‘ಸಾಧನ ಸಿಗಲಿಲ್ಲ’ ಎಂದು ನಿಂತುಬಿಡುತ್ತದೆ. ಡಿಸ್ಕ್ ಸತ್ತಿದೆ ಎಂದು ಜನ ಮನೆಗೆ ಹೋಗುತ್ತಾರೆ.

ಈ ಸಲ ನಾನು ಲಿನಕ್ಸಿನ ಹಳೆಯ ಕರಪತ್ರವೊಂದನ್ನು ಹಿಡಿದು ಗುಡಿಸಬೇಡಿ ಎಂದೆ. ನಿಮ್ಮ ವಂಶದ ಅರುಳಪ್ಪ ಎಲ್ಲರೆದುರು ನಕ್ಕ: “ಏನಮ್ಮಾ ಕರಪತ್ರದ ಪಂಡಿತೆ, ಹೆಣ ಎಬ್ಬಿಸೋ ಮದ್ದೂ ಬರ್ದೈತಾ ಅದ್ರಾಗೆ?”

“ಬರ್ದೈತಣ್ಣಾ. ನಿಂಗೆ ಓದೋಕ್ ಬಂದಿದ್ರೆ ನಿಂಗೇ ಕೊಡ್ತಿದ್ದೆ,” ಎಂದೆ.

ನಿಜಕ್ಕೂ ಬರೆದಿದೆ. ಕರ್ನಲ್ ತನ್ನಲ್ಲಿರುವ ಸಾಧನಗಳ ಹೆಸರು, ಸಂಖ್ಯೆಗಳನ್ನು ತಾನೇ ಇಟ್ಟುಕೊಂಡಿರುತ್ತದೆ. ಅಲ್ಲಿ ಬೀಗ ತೆರೆಯಲು ಬೇಕಾದ ಡಿವೈಸ್ ಮ್ಯಾಪರ್ ಕಾಣದಿದ್ದರೆ ಅದರ ಮಾಡ್ಯೂಲನ್ನು, ಅಂದರೆ ಕರ್ನಲ್‌ಗೆ ಸೇರಿಸುವ ತುಣುಕನ್ನು, ಲೋಡ್ ಮಾಡಬೇಕು. ಕಂಡರೆ, ಅದೇ ಸಂಖ್ಯೆಯಿಂದ ಅಳಿಸಿದ ಡಿವೈಸ್ ನೋಡ್ ಅನ್ನು ಮತ್ತೆ ಸೃಷ್ಟಿಸಬೇಕು. ಬೇರೊಂದು ಡಿಸ್ಕಿಗೆ ಬೀಗ ಹಾಕಿ ಮಾಡಿ ನೋಡಿದ್ದೇನೆ. ತೆರೆಯಿತು.

ತಿಳಿಯದೆ ಮಾಡಿದ್ದರೆ ನಿಮ್ಮನ್ನು ಬಿಟ್ಟುಬಿಡುತ್ತಿದ್ದೆ. ಆದರೆ ಅದೇ ಯಂತ್ರದಲ್ಲಿ, ಅದೇ ಬಗೆಯ ಬೀಗವಿರುವ ನಿಮ್ಮ ಮನೆಯ ಮದುವೆ ಫೋಟೊಗಳು ಪ್ರತಿ ಹಬ್ಬಕ್ಕೂ ಸಲೀಸಾಗಿ ತೆರೆಯುತ್ತವೆ. ಅದಕ್ಕೆ ಮಾತ್ರ ಗುಡಿಸುವ ಶಾಸ್ತ್ರವಿಲ್ಲ! ಆ ಫೋಟೊಗಳಲ್ಲಿ ನೀವು ಕಂಪನಿ ಕೊಟ್ಟ ಬಂಗಲೆಯ ಮೆಟ್ಟಿಲ ಮೇಲೆ ನಗುತ್ತ ನಿಂತಿದ್ದೀರಿ.

ಊರೆದುರು ಡಿಸ್ಕ್ ತೆರೆದು ತೋರಿಸುತ್ತೇನೆಂಬ ನನ್ನ ಅರ್ಜಿಗೆ ನೀರುಸಭೆ ಒಪ್ಪಿದೆ. ಅರುಳಪ್ಪ ಮೊದಲು ತನ್ನ ಕೈಯಾರೆ ಗುಡಿಸಲಿ. ತಪ್ಪು ಎಲ್ಲಿ ಎಂದು ಊರು ನೋಡಲಿ. ಆಮೇಲೆ ನನ್ನ ಸರದಿ. ಧ್ವನಿವರ್ಧಕಗಳನ್ನು ಬಂಗಲೆಯತ್ತ ತಿರುಗಿಸಿ ಕಟ್ಟಿದ್ದೇವೆ. ಆ ಹೆಂಗಸರು ಮಾತು ಮುಗಿಸಿದ ಮೇಲೆ ನಿಮ್ಮ ಹೆಸರನ್ನು ನಾನೇ ಕೂಗುತ್ತೇನೆ. ನಿಮ್ಮ ಕುರ್ಚಿ ಖಾಲಿ ಇಟ್ಟಿರುತ್ತೇವೆ, ಬನ್ನಿ: ಗಣಿಬಾಯಿಯ ಮೈದಾನ, ಮಾರ್ಚ್ ನಾಲ್ಕು, ಗುರುವಾರ, ಬೆಳಗ್ಗೆ ಹತ್ತು ಗಂಟೆ.